ಕಕ್ಕಡದ ಮಳೆ ಮತ್ತು ಕರ್ನಲ್

ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಗೆ ಮಡಿಕೇರಿಯಲ್ಲಿ ನಿನ್ನೆ ಎರಡು ಸಲ ಕರೆಂಟ್ ಹೋಗಿ, ಬ್ಯಾಟರಿ ಸತ್ತ ನನ್ನ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದ್ದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕಂಪೈಲ್, ಅಂದರೆ ಸೋರ್ಸ್ ಕೋಡಿನಿಂದ ಓಡಬಲ್ಲ ಪ್ರೋಗ್ರಾಂ ಕಟ್ಟುವ ಕೆಲಸ, ಅರ್ಧಕ್ಕೇ ನಿಂತಿತು. ಕರ್ನಲ್‌ನಲ್ಲಿ ಕಂಪೈಲ್‌ಗೆ ಮುನ್ನ ಬದಲಿಸಬಹುದಾದ 10,000ಕ್ಕೂ ಹೆಚ್ಚು ಆಯ್ಕೆಗಳಿವೆ; ಹೋದ ವಾರ ಅವುಗಳ ಪಟ್ಟಿ ತೋರಿಸುವ ಮೆನುಕಾನ್ಫಿಗ್‌ನಲ್ಲಿ ಬೇಡದ ಡ್ರೈವರುಗಳನ್ನು (ಹಾರ್ಡ್‌ವೇರ್ ನಡೆಸುವ ಕೋಡ್) ಕಿತ್ತುಹಾಕುವ ಹುಮ್ಮಸ್ಸಿನಲ್ಲಿ ಬೇಕಾದ ಒಂದನ್ನೂ ಕಿತ್ತು, ಬೂಟ್ ಆದ ಮೇಲೆ ವೈಫೈ ಕಾಣದೆ ಪೇಚಾಡಿದ್ದೆ (ತಪ್ಪು ನನ್ನದೇ). ಹೌದು-ಇಲ್ಲ ಎನ್ನುವ ಬರೀ 10 ಆಯ್ಕೆಗಳಿಂದಲೇ 1,024 ಬಗೆಯ ಜೋಡಣೆಗಳಾಗುತ್ತವೆ. ಅಷ್ಟನ್ನೂ ಪರೀಕ್ಷಿಸುವವರು ಯಾರು? ರೂಟರಿನಂಥ ಸಣ್ಣ ಸಾಧನಗಳಿಗೆ ಬೇಡದ್ದನ್ನು ಕಂಪೈಲ್ ಹಂತದಲ್ಲೇ ಕೈಬಿಡುವ ಈ ಸವಲತ್ತು ಬೇಕೇ ಬೇಕು. ಆದರೆ ಪ್ರೋಗ್ರಾಂ ಓಡುವಾಗ ಓದಿಕೊಳ್ಳುವ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ತಿದ್ದಿ ಬದಲಿಸಬಹುದಾದದ್ದನ್ನೂ ಕಂಪೈಲ್ ಹಂತಕ್ಕೇ ಕಟ್ಟಿಹಾಕಿದರೆ, ಡಿಸ್ಟ್ರೋದವರು (ಉಬುಂಟುವಿನಂತೆ ಲಿನಕ್ಸನ್ನು ಸಿದ್ಧಪಡಿಸಿ ಹಂಚುವವರು) ಕಟ್ಟಿಕೊಟ್ಟ ಪ್ಯಾಕೇಜನ್ನೇ ಬಳಸುವ ಬಹುಪಾಲು ಜನರಿಗೆ ಆ ಆಯ್ಕೆ ಇದ್ದೂ ಇಲ್ಲದಂತೆ. ಸದ್ಯ ಕರೆಂಟ್ ಬಂದಿದೆ, ಕಂಪೈಲ್ ನಡೆಸುವ ಮೇಕ್ ಕಮಾಂಡ್ ಮತ್ತೆ ಓಡುತ್ತಿದೆ.