ಶ್ರಾಪ್‌ಶೈರಿನಲ್ಲಿ ಹಕ್ಕಿ ಕಾಯುವವರ ಜೊತೆ

ಇಂಗ್ಲೆಂಡಿನ ಶ್ರಾಪ್‌ಶೈರಿಗೆ ನಾವು ಹೋಗಿದ್ದು ನಡೆಯಲಿಕ್ಕೆ. ಎಂಟನೇ ಶತಮಾನದಲ್ಲಿ ಮರ್ಸಿಯಾದ ರಾಜ ಆಫಾ ವೇಲ್ಸ್ ಗಡಿಯಲ್ಲಿ ಹಾಕಿಸಿದ ಮಣ್ಣಿನ ದಿಬ್ಬ ಕ್ಲನ್ ಊರಿನ ಸುತ್ತಮುತ್ತ ಇವತ್ತಿಗೂ ಚೆನ್ನಾಗಿ ಉಳಿದಿದೆ. ಅದರ ಗುಂಟ ನಡೆಯಬೇಕು ಅಂತ ನನಗೆ ಬಹಳ ದಿನದ ಆಸೆ. ಬರ್ಮಿಂಗ್‌ಹ್ಯಾಮಿನಲ್ಲಿರುವ ನನ್ನ ತಮ್ಮ ಬಾಡಿಗೆ ಕಾರು ತಂದ. ಲಡ್ಲೋ ಕೋಟೆ ನೋಡಿದೆವು, ಲಾಂಗ್ ಮಿಂಡ್ ಗುಡ್ಡ ಹತ್ತಿದೆವು, ದಿಬ್ಬದ ಮೇಲೆ ನಡೆದದ್ದೂ ಆಯಿತು. ಎಲ್ಲವೂ ಚೆನ್ನಾಗಿತ್ತು. ಆದರೆ ಊರಿಗೆ ಬಂದ ಮೇಲೆ ನಾನು ಎಲ್ಲರಿಗೂ ಹೇಳುತ್ತಿರುವುದು ಫೆಸೆಂಟ್ ಅನ್ನುವ ಕೋಳಿ ಜಾತಿಯ ಹಕ್ಕಿಯನ್ನು ಬೇಟೆಗಾಗಿ ಸಾಕಿ ಬಿಡುವ ಒಂದು ತೋಪಿನ ಕಥೆ.

ಅಕ್ಟೋಬರ್ ಮೊದಲ ವಾರ. ಅಲ್ಲಿಯ ಹಳ್ಳಿ ರಸ್ತೆಗಳು ಒಂದು ಕಾರು ಹೋಗುವಷ್ಟೇ ಅಗಲ, ಎರಡೂ ಕಡೆ ಆಳೆತ್ತರದ ಗಿಡಬೇಲಿ. ತಮ್ಮ ನಿಧಾನವಾಗಿಯೇ ಓಡಿಸುತ್ತಿದ್ದ. ಬೇಲಿಯೊಳಗಿಂದ ಒಂದು ಗಂಡು ಫೆಸೆಂಟ್ ಸೀದಾ ಕಾರಿನ ಮೂತಿಗೆ ಹಾರಿತು. ನಂಬರ್ ಪ್ಲೇಟ್ ಸೀಳಿತು, ಹಕ್ಕಿ ಅಲ್ಲೇ ಸತ್ತಿತು. ನಾವು ಇಳಿದು ನೋಡುತ್ತಿರುವಾಗ ಹಿಂದಿನಿಂದ ಹಳೇ ಪಿಕಪ್ ಗಾಡಿಯೊಂದು ಬಂದು ನಿಂತಿತು. ಅರವತ್ತು ದಾಟಿದ ಒಬ್ಬರು ಇಳಿದರು. ನಮಗೆ ಪೆಟ್ಟಾಯಿತೇ ಅಂತ ಮೊದಲು ವಿಚಾರಿಸಿಕೊಂಡರು. ಆಮೇಲೆ ಹಕ್ಕಿಯನ್ನು ಎತ್ತಿ ರೆಕ್ಕೆ ಬಿಡಿಸಿದರು. ಬುಡದಲ್ಲಿ ಒಂದು ಪುಟ್ಟ ಹಳದಿ ಬಿಲ್ಲೆ ಇತ್ತು.

"ಇದು ನಮ್ಮ ತೋಪಿನದ್ದು. ಇಷ್ಟು ದೂರ ಬಂದುಬಿಟ್ಟಿದೆ ನೋಡಿ" ಅಂದರು. ಅವರ ಮುಖ ಸಪ್ಪಗಾಗಿತ್ತು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಸಿಟ್ಟು ಇನ್ನೂ ಆರಿಲ್ಲ. ಬಾಡಿಗೆ ಕಂಪನಿಯವರು ಆ ನಂಬರ್ ಪ್ಲೇಟಿನ ಜೊತೆಗೆ ಬಂಪರಿನ ಮೇಲಿದ್ದ ಹಳೇ ಗೀರಿಗೂ ನಮ್ಮಿಂದಲೇ ದುಡ್ಡು ಕಿತ್ತರು. ಗೀರು ಕಾರು ತರುವಾಗಲೇ ಇತ್ತು ಅಂದರೆ ಕೇಳುವವರೇ ಇಲ್ಲ. ಕಾರು ತೆಗೆದುಕೊಳ್ಳುವಾಗ ಸುತ್ತಲೂ ವಿಡಿಯೋ ಮಾಡಿ, ಬಂಪರನ್ನು ಬಗ್ಗಿ ನೋಡಿ. ನಾವು ಕೈಯಿಂದ ಕಟ್ಟಬೇಕಾಗುವ ಮೊತ್ತಕ್ಕೂ ಬೇರೆ ವಿಮೆ ಸಿಗುತ್ತದೆ, ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಶರತ್ಕಾಲದಲ್ಲಿ ಬೆಳಗ್ಗೆ, ಸಂಜೆ ಆ ಕಡೆ ಹೋದರೆ ಇನ್ನೂ ನಿಧಾನ ಮಾಡಿ. ಒಂದು ಹಕ್ಕಿ ದಾಟಿತು ಅಂದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ.

ನಾನು ಒಂದರ ಮೇಲೊಂದು ಪ್ರಶ್ನೆ ಕೇಳುತ್ತಿದ್ದುದನ್ನು ನೋಡಿ ಅವರಿಗೆ ಖುಷಿಯಾಯಿತೇನೋ. "ಸಂಜೆ ನಾಲ್ಕಕ್ಕೆ ಬನ್ನಿ. ಕಾಳು ಹಾಕುವ ಹೊತ್ತು" ಅಂತ ದಾರಿ ಹೇಳಿ ಹೋದರು.

ಇಂಗ್ಲೆಂಡಿನಲ್ಲಿ ಫೆಸೆಂಟ್ ಬೇಟೆಗೆ ಕಾನೂನು ಕೊಟ್ಟ ಅವಧಿ ಅಕ್ಟೋಬರ್ 1ರಿಂದ ಫೆಬ್ರವರಿ 1. ಸಾಕಿ ಬಿಡುವ ಹಕ್ಕಿಗಳ ಲೆಕ್ಕ ವರ್ಷಕ್ಕೆ ಕೋಟಿಗಟ್ಟಲೆ. ದೊಡ್ಡ ಎಸ್ಟೇಟುಗಳಲ್ಲಿ ಒಂದೇ ದಿನ ನೂರಾರು ಹಕ್ಕಿ ಹೊಡೆಯುತ್ತಾರೆ, ಸಾವಿರಾರು ಪೌಂಡ್ ಕೊಟ್ಟು ಬರುವ ಜನ ಇದ್ದಾರೆ. ನನಗೆ ಅದು ಸ್ವಲ್ಪವೂ ಹಿಡಿಸುವುದಿಲ್ಲ. ಇವರದ್ದು ಹಾಗಲ್ಲ. ಸುತ್ತಲಿನ ಕೆಲವು ರೈತರು, ಒಬ್ಬ ಪ್ಲಂಬರ್, ರಿಟೈರ್ ಆದ ಒಬ್ಬ ಮೇಷ್ಟ್ರು ಸೇರಿ ಚಂದಾ ಹಾಕಿ ನಡೆಸುವ ಗುಂಪು. ವರ್ಷಕ್ಕೆ ಐನೂರು ಮರಿ. ನವೆಂಬರಿನಿಂದ ಶನಿವಾರ ಬಿಟ್ಟು ಶನಿವಾರ ಬೇಟೆ. ಹೊಡೆದದ್ದನ್ನು ಅವರೇ ಹಂಚಿಕೊಂಡು ತಿನ್ನುತ್ತಾರೆ. ನಮ್ಮನ್ನು ಕರೆದವರು ಟ್ರಾಕ್ಟರ್ ಮೆಕ್ಯಾನಿಕ್ ಆಗಿದ್ದವರು. ಈಗ ಸಂಬಳವಿಲ್ಲದೆ ಹಕ್ಕಿ ನೋಡಿಕೊಳ್ಳುವ ಕೀಪರ್.

ತೋಪಿನ ಮಧ್ಯೆ ಆಳಿಗಿಂತ ಎತ್ತರದ ತಂತಿಬಲೆಯ ಆವರಣ. ಮೇಲೆ ಮುಚ್ಚಿಲ್ಲ, ಆಕಾಶಕ್ಕೆ ತೆರೆದೇ ಇದೆ. ಹೊರಗಡೆ ನೆಲಮಟ್ಟದಲ್ಲಿ ನರಿಗಾಗಿ ಕರೆಂಟ್ ತಂತಿ. ಜುಲೈ ಕೊನೆಗೆ ಏಳು ವಾರದ ಮರಿಗಳನ್ನು ತಂದು ಇದರೊಳಗೆ ಬಿಡುತ್ತಾರೆ. ಆಗ ಒಂದು ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಕತ್ತರಿಸಿರುತ್ತಾರೆ. ಕೆಲವು ವಾರಗಳಲ್ಲಿ ಗರಿ ಮತ್ತೆ ಬರುತ್ತದೆ, ಹಕ್ಕಿ ಬಲೆ ದಾಟಿ ಹೊರಗೆ ಹಾರುತ್ತದೆ. ಅಷ್ಟರಲ್ಲಿ ಇದೇ ನನ್ನ ಮನೆ ಅಂತ ಅದಕ್ಕೆ ಅಭ್ಯಾಸವಾಗಿರಬೇಕು.

"ಮೇಲೂ ಬಲೆ ಹಾಕಿದ್ರೆ ಒಂದೂ ಹೋಗೋದಿಲ್ಲ, ಅಲ್ವಾ?" ಅಂದೆ.

"ಆಗ ಅದು ಕೋಳಿಗೂಡು ಆಗುತ್ತೆ ಮೇಡಂ. ಮರದ ಮೇಲೆ ಮಲಗೋದನ್ನ ಕಲಿಯದ ಹಕ್ಕಿ ಹೊರಗೆ ಬಂದ ಮೊದಲ ರಾತ್ರಿಯೇ ನರಿ ಪಾಲು. ಇವು ಇನ್‌ಕ್ಯುಬೇಟರಿನಲ್ಲಿ ಹುಟ್ಟಿದವು. ತಾಯಿ ಇಲ್ಲ. ಹೇಳಿಕೊಡೋರು ಯಾರು?"

ಬಲೆಯ ಬುಡದಲ್ಲಿ ಅಲ್ಲಲ್ಲಿ ಒಳಮುಖವಾದ ತಂತಿಯ ಕೊಳವೆಗಳಿದ್ದವು. ಹೊರಬಾಯಿ ಅಗಲ, ಒಳಬಾಯಿ ಕಿರಿದು. ಹೊರಬಾಯಿಗೆ ಹಕ್ಕಿ ತೂರುವಷ್ಟು, ನರಿ ತೂರದಷ್ಟು ಸಂದು ಬಿಟ್ಟು ಸರಳು ಹಾಕಿದ್ದಾರೆ. ಹೊರಗೆ ಹಾರಿದ ಹಕ್ಕಿಗೆ ಸಂಜೆ ಒಳಗೆ ಬರಬೇಕು ಅನಿಸಿದರೆ ಹಾರುವುದಿಲ್ಲ, ಬಲೆಯ ಗುಂಟ ನಡೆಯುತ್ತಲೇ ಇರುತ್ತದೆ. ನಡೆಯುತ್ತಾ ನಡೆಯುತ್ತಾ ಕೊಳವೆಯ ಬಾಯಿ ಸಿಗುತ್ತದೆ. ಒಂದು ಹೆಣ್ಣು ಫೆಸೆಂಟ್ ನನ್ನ ಕಣ್ಣೆದುರೇ ಬಂತು. ಕತ್ತು ಚಾಚಿ ನೋಡಿತು, ಹಿಂದೆ ಸರಿಯಿತು, ಮತ್ತೆ ಬಂದು ಮೈ ಕಿರಿದು ಮಾಡಿಕೊಂಡು ಒಳಗೆ ನುಗ್ಗಿತು. ನುಗ್ಗಿದ ಮೇಲೆ ಗರಿ ಕೊಡವಿಕೊಂಡು, ಏನೂ ಆಗಿಲ್ಲವೆಂಬಂತೆ ಕಾಳು ಹೆಕ್ಕಲು ಹೋಯಿತು. ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ.

ಕಾಳು ಹಾಕುವುದರಲ್ಲೂ ಲೆಕ್ಕ ಇದೆ. ತೋಪಿನ ನಡುವಿನ ದಾರಿಗೆ ಬಾರ್ಲಿ ಹುಲ್ಲು ಹರಡಿ, ಅದರ ಮೇಲೆ ಗೋಧಿ ಎರಚುತ್ತಾರೆ. ಬರೀ ನೆಲದ ಮೇಲೆ ಹಾಕಿದರೆ ಹತ್ತು ನಿಮಿಷದಲ್ಲಿ ತಿಂದು ಮುಗಿಸಿ, ಬೇಜಾರಾಗಿ ಅಲೆಯಲು ಹೊರಡುತ್ತವೆ. ಹುಲ್ಲಿದ್ದರೆ ಕೆದಕಬೇಕು. ಕೆದಕುತ್ತಾ ಇಡೀ ಬೆಳಗ್ಗೆ ಕಳೆಯುತ್ತವೆ. ಅವರು ಜೇಬಿನಿಂದ ಸೀಟಿ ತೆಗೆದು ಊದಿದರು. ಪೊದೆಗಳೆಲ್ಲ ಒಟ್ಟಿಗೇ ಅಲುಗಾಡಿದವು. ಎಡದಿಂದ, ಬಲದಿಂದ, ಹಿಂದಿನಿಂದ ಹಕ್ಕಿಗಳು ಓಡಿ ಬಂದವು. ಹಾರಲಿಲ್ಲ, ತಲೆ ತಗ್ಗಿಸಿ ಓಡಿದವು. ತಾಮ್ರದ ಬಣ್ಣದ ಗಂಡುಗಳು, ಒಣಗಿದ ಎಲೆಯ ಬಣ್ಣದ ಹೆಣ್ಣುಗಳು. ನನ್ನ ಬೂಟಿನ ಪಕ್ಕದಲ್ಲೇ ಹಾದು ಹೋದವು. ಆ ಹೊತ್ತು ನನಗೆ ಯಾಕೋ ಗಂಟಲು ಕಟ್ಟಿತು.

ಆಮೇಲೆ ಅವರ ಜಮೀನಿನ ಗಡಿ ಸುತ್ತಲು ಹೊರಟೆವು. ದಿನಕ್ಕೆ ಎರಡು ಸಲ ಈ ಸುತ್ತು ತಪ್ಪುವುದಿಲ್ಲ. ಬೆಳಗ್ಗೆ ಹಕ್ಕಿ ಮರದಿಂದ ಇಳಿದು ನಡೆಯಲು ಶುರು ಮಾಡುವ ಹೊತ್ತಿಗೆ ಒಮ್ಮೆ, ಸಂಜೆ ಮರ ಹತ್ತುವ ಮುಂಚೆ ಒಮ್ಮೆ. ಜೊತೆಗೆ ಟೆಸ್ ಅನ್ನುವ ಸ್ಪ್ಯಾನಿಯಲ್ ನಾಯಿ. ಮೊದಲು ಗಡಿಯ ಆಚೆ ಅಂಚಿಗೆ ಹೋಗಿ, ಅಲ್ಲಿಂದ ತೋಪಿನ ಕಡೆ ಮುಖ ಮಾಡಿ ಮೆಲ್ಲಗೆ ನಡೆಯಬೇಕು. ನಾಯಿ ಬೇಲಿಯೊಳಗೆ ಮೂಸುತ್ತಾ ಮುಂದೆ ಹೋಗುತ್ತದೆ, ಹಕ್ಕಿಗಳು ಮನೆ ಕಡೆ ಓಡುತ್ತವೆ. ಅವಸರ ಮಾಡಿದರೆ ಹಾರಿಬಿಡುತ್ತವೆ. ಹಾರಿದ ಹಕ್ಕಿ ಎಲ್ಲಿ ಇಳಿಯುತ್ತದೋ ಹೇಳಲಾಗದು. ನಾನು ಬಿರಬಿರನೆ ನಡೆಯುವವಳು, ಆ ಹೆಜ್ಜೆಗೆ ಒಗ್ಗಲು ಸ್ವಲ್ಪ ಹೊತ್ತು ಬೇಕಾಯಿತು.

"ಯಾಕೆ ಹೋಗ್ತಾವೆ? ಇಲ್ಲಿ ಎಲ್ಲಾ ಇದೆಯಲ್ಲ?"

ಅವರು ಒಂದು ಓಕ್ ಮರದ ಕೆಳಗೆ ನಿಂತು ನೆಲ ತೋರಿಸಿದರು. ತುಂಬಾ ಕಾಯಿ ಬಿದ್ದಿತ್ತು. "ನಾನು ಕೊಡೋ ಗೋಧಿಗಿಂತ ಇದು ರುಚಿ. ಓಕ್ ಜಾಸ್ತಿ ಕಾಯಿ ಬಿಟ್ಟ ವರ್ಷ ನಾನು ಎಷ್ಟು ಸೀಟಿ ಊದಿದ್ರೂ ಅಷ್ಟೇ. ಕೊಯ್ಲಾದ ಹೊಲದಲ್ಲಿ ಉದುರಿದ ಕಾಳು ಬೇರೆ. ಮಂಜು ಬಿದ್ರೆ ದಾರಿ ತಪ್ಪುತ್ತವೆ. ಬೆಳಗ್ಗೆ ಬಿಸಿಲು ಕಂಡ ಕಡೆ ನಡೀತಾವೆ. ತೋಪಿನೊಳಗೆ ಥಂಡಿಗಾಳಿ ನುಗ್ಗಿದ್ರಂತೂ ಒಂದೂ ನಿಲ್ಲೋದಿಲ್ಲ."

ಅದಕ್ಕೇ ಆವರಣವನ್ನು ಜಮೀನಿನ ನಟ್ಟನಡುವೆ, ಬಿಸಿಲು ಬೀಳುವ, ಗಾಳಿ ತಡೆಯುವ ಜಾಗದಲ್ಲಿ ಮಾಡಿದ್ದಾರೆ. ತೋಪಿನ ಅಂಚಿಗೆ ಮುಸುಕಿನ ಜೋಳ, ಕೇಲ್ ಸೊಪ್ಪು ಬಿತ್ತಿದ್ದಾರೆ, ಹಗಲು ಹೊತ್ತು ಹಕ್ಕಿಗಳು ಅದರೊಳಗೆ ಇರಲಿ ಅಂತ. ನೀಲಿ ಡ್ರಮ್ಮುಗಳನ್ನು ಕಾಲಿನ ಮೇಲೆ ನಿಲ್ಲಿಸಿ, ತಳಕ್ಕೆ ಸುರುಳಿ ಸ್ಪ್ರಿಂಗ್ ಕಟ್ಟಿದ್ದಾರೆ. ಹಕ್ಕಿ ಕುಕ್ಕಿದರೆ ನಾಲ್ಕು ಕಾಳು ಬೀಳುತ್ತದೆ. ಗಡಿಯ ಹತ್ತಿರ ಮಾತ್ರ ಒಂದು ಡ್ರಮ್ಮೂ ಇಲ್ಲ. ಅಲ್ಲಿ ಕಾಳಿಟ್ಟರೆ ನಾವೇ ಪಕ್ಕದವನಿಗೆ ಹಕ್ಕಿ ಕಳಿಸಿಕೊಟ್ಟಂತೆ ಅಂದರು. ನವೆಂಬರಿನ ಮೊದಲ ಬೇಟೆಯೂ ಹೊರಗಿನ ಬೇಲಿಗಳಿಂದಲೇ ಶುರುವಂತೆ. ದೂರ ಹೋದವು ಅದರಿಂದ ತೋಪಿಗೆ ವಾಪಸಾಗುತ್ತವೆ.

"ಪಕ್ಕದ ಜಮೀನಿಗೆ ಹೋದರೆ ಕೇಳಿ ತರಬಹುದಲ್ಲ?"

"ಹೇಗೆ ಕೇಳಲಿ? ಬಿಟ್ಟ ಮೇಲೆ ಅದು ಕಾಡುಹಕ್ಕಿ. ನನ್ನ ಬಿಲ್ಲೆ ಇರಲಿ, ನಾನು ತಿನ್ನಿಸಿದ ಗೋಧಿ ಇರಲಿ, ಕಾನೂನಿನಲ್ಲಿ ನನ್ನದಲ್ಲ. ಅವನ ನೆಲದಲ್ಲಿ ಅವನು ಹೊಡೆದ್ರೆ ಅದು ಅವನದ್ದು. ನನ್ನ ಹತ್ತಿರ ಇರೋದು ಸೀಟಿ, ನಾಯಿ, ಕಾಳು. ಇಷ್ಟೇ."

ಈ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಕೂಡಿಹಾಕಿ ಉಳಿಸಿಕೊಳ್ಳುವುದು ಸುಲಭ. ಹೋಗಲು ಬಿಟ್ಟು, ದಿನಾ ಎರಡು ಸಲ ಮಳೆಯಲ್ಲೂ ನಡೆದು, ಇರುವ ಹಾಗೆ ಮಾಡುವುದಿದೆಯಲ್ಲ, ಆ ತಾಳ್ಮೆ ನನಗೆ ದೊಡ್ಡದಾಗಿ ಕಂಡಿತು.

ಕೇಳದೆ ಇರಲಾಗಲಿಲ್ಲ. "ಇಷ್ಟು ಸಾಕಿ, ಆಮೇಲೆ ಹೊಡೀತೀರಲ್ಲ?"

ಅವರು ಮುಖ ತಿರುಗಿಸಲಿಲ್ಲ. "ನನಗೆ ಬೇಜಾರಾಗೋದು ಇವತ್ತು ಬೆಳಗ್ಗಿನ ಥರದ್ದಕ್ಕೆ. ರಸ್ತೆಯಲ್ಲಿ ಸತ್ತದ್ದು ಯಾರಿಗೂ ಆಗಲಿಲ್ಲ. ಬೇಟೆಯಲ್ಲಿ ಬಿದ್ದದ್ದನ್ನು ತಿನ್ನುತ್ತೇವೆ. ಎಲ್ಲಾ ಬೀಳೋದೂ ಇಲ್ಲ. ಉಳಿದವಕ್ಕೆ ಬೇಟೆ ಮುಗಿದ ಮೇಲೂ ವಸಂತದವರೆಗೆ ಕಾಳು ಹಾಕ್ತೀನಿ."

ನನಗೆ ಬಂದೂಕು ಇಷ್ಟವಿಲ್ಲ. ಆ ಉತ್ತರ ಕೇಳಿದ ಮೇಲೂ ಇಷ್ಟವಾಗಲಿಲ್ಲ, ಅದನ್ನು ಅವರಿಗೇ ಹೇಳಿದೆ. ಅವರು ತಲೆಯಾಡಿಸಿದರು, ವಾದಿಸಲಿಲ್ಲ. ಆದರೆ ಅವರ ತೋಪಿನ ನೆಲ ನಾನು ನೋಡಿದ್ದೇನೆ. ಆವರಣದೊಳಗೂ ಜರಿಗಿಡ, ಪಾಚಿ ಹಾಗೇ ಇದ್ದವು. ಅಲ್ಲಿಯ ಗೇಮ್ ಅಂಡ್ ವೈಲ್ಡ್‌ಲೈಫ್ ಕನ್ಸರ್ವೇಷನ್ ಟ್ರಸ್ಟ್ ಆವರಣದ ಒಂದು ಹೆಕ್ಟೇರಿಗೆ 1000ಕ್ಕಿಂತ ಜಾಸ್ತಿ ಹಕ್ಕಿ ಬೇಡ, ಪುರಾತನ ಕಾಡಾದರೆ 700 ಸಾಕು ಅನ್ನುತ್ತದೆ. ಇವರು ಅದರ ಅರ್ಧಕ್ಕೇ ನಿಲ್ಲಿಸಿದ್ದಾರೆ. ಜಾಸ್ತಿ ತುಂಬಿದರೆ ನೆಲ ಬೋಳಾಗುತ್ತದೆ, ರೋಗ ಬರುತ್ತದೆ, ಹಕ್ಕಿಯೂ ಚದುರುತ್ತದೆ. 2022ರಲ್ಲಿ ಫ್ರಾನ್ಸಿನಲ್ಲಿ ಹಕ್ಕಿಜ್ವರ ಹರಡಿ ಅಲ್ಲಿಂದ ಮೊಟ್ಟೆ, ಮರಿ ಬರುವುದು ತಪ್ಪಿದಾಗ ತುಂಬಾ ಕಡೆ ಬೇಟೆಯೇ ನಡೆಯಲಿಲ್ಲ. ಇವರಿಗೂ ಆ ವರ್ಷ ಮರಿ ಸಿಗಲಿಲ್ಲ. ಆದರೂ ಬೆಳಗ್ಗೆ, ಸಂಜೆ ಬೇಲಿ ಸುತ್ತಿದರಂತೆ, ಹಳೇ ಹಕ್ಕಿಗಳಿದ್ದವಲ್ಲ ಅಂತ.

ನಮ್ಮ ಕಡೆ ಹೇಗೆ ಅಂತ ಕೇಳಿದರು. ಗೌಜಲಕ್ಕಿ, ಕಾಡುಕೋಳಿ, ನವಿಲು ಎಲ್ಲಾ ಫೆಸೆಂಟಿನ ಕುಟುಂಬದವೇ ಅಂತ ಅವರಿಗೆ ಗೊತ್ತಿತ್ತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಅವನ್ನು ಬೇಟೆಯಾಡುವ ಹಾಗಿಲ್ಲ ಅಂದೆ. ಹಿರಿಯೂರು ಕಡೆ ನಮ್ಮ ಶೇಂಗಾ ಹೊಲಕ್ಕೆ ನವಿಲು ಇಳಿದು ಬಿತ್ತಿದ ಬೀಜ ಕೆದಕುವುದನ್ನೂ ಹೇಳಿದೆ. ಓಡಿಸಲು ಏನು ಮಾಡ್ತೀರಿ ಅಂದರು. ತಗಡು ಬಡಿಯುತ್ತೇವೆ, ನಾಯಿ ಬಿಡುತ್ತೇವೆ ಅಂದೆ. ಜೋರಾಗಿ ನಕ್ಕು, ತಮ್ಮ ನಾಯಿಯ ತಲೆ ಸವರಿದರು.

ಜನವರಿ ಕೊನೆಗೆ ಒಂದು ದಿನ ಪೊದೆ ಬಡಿದು ಹಕ್ಕಿ ಎಬ್ಬಿಸುವವರಿಗೇ ಬಂದೂಕು ಕೊಡುತ್ತಾರಂತೆ. ಆ ದಿನ ಎಬ್ಬಿಸಲು ಜನ ಸಾಲುವುದಿಲ್ಲ, ಬರ್ತೀರಾ ಅಂತ ತಮ್ಮನನ್ನು ಕೇಳಿದರು. ಅವನು ಕಾರಿನಲ್ಲಿ ಕೂತ ಮೇಲೆ, "ಅಕ್ಕಾ, ಹೋಗ್ಲಾ?" ಅಂದ. "ಹೋಗು. ಆದ್ರೆ ಟೆಸ್ ಜೊತೆ ಬೇಲಿ ಸುತ್ತೋ ಕೆಲಸ ಕೇಳಿ ತಗೋ" ಅಂದೆ.