ಮಾತ್ರೆ ಮೈಯಿಂದ ಹೋಗೋಕೆ ಎಷ್ಟು ದಿನ ಬೇಕು?

ನಾನು ಫಾರ್ಮಸಿ ಓದಿದವಳು, ಔಷಧಿ ಕೊಡುವುದೇ ನನ್ನ ಕೆಲಸ. ಅದು ಗೊತ್ತಾದ ಐದನೇ ನಿಮಿಷಕ್ಕೆ ಈ ಪ್ರಶ್ನೆ ಬಂದೇ ಬರುತ್ತದೆ. ಬಸ್ಸಿನಲ್ಲಿ ಕೇಳುತ್ತಾರೆ, ಲಿಫ್ಟಿನಲ್ಲಿ ಕೇಳುತ್ತಾರೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಕೇಳುತ್ತಾರೆ. "ಈ ಮಾತ್ರೆ ಮೈಯಿಂದ ಪೂರ್ತಿ ಹೋಗೋಕೆ ಎಷ್ಟು ದಿನ ಬೇಕು?" ಯಾವ ಮಾತ್ರೆ ಅಂದರೆ, "ಬಿಳೀದು, ಚಿಕ್ಕದು." ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಚಿಕ್ಕ ಉತ್ತರ ಮೊದಲು. ಪ್ರತಿ ಔಷಧಿಗೂ ಹಾಫ್ ಲೈಫ್ ಅಂತ ಒಂದು ಲೆಕ್ಕ ಇದೆ, ಕನ್ನಡದಲ್ಲಿ ಅರ್ಧಾಯು ಅನ್ನುತ್ತಾರೆ. ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು ಅದು. 100 ಇದ್ದದ್ದು 50 ಆಗುತ್ತದೆ. ಮತ್ತೆ ಅಷ್ಟೇ ಹೊತ್ತು ಕಳೆದರೆ 25. ಆಮೇಲೆ ಹನ್ನೆರಡೂವರೆ, ಆರೂಕಾಲು, ಮೂರು ಚಿಲ್ಲರೆ. ಹೀಗೆ ಐದು ಸಲ ಅರ್ಧವಾದರೆ ನೂರಕ್ಕೆ 97 ಭಾಗ ಖಾಲಿ. ನಾವು ಅದನ್ನೇ "ಹೋಯಿತು" ಅನ್ನುತ್ತೇವೆ.

ಪ್ಯಾರಾಸಿಟಮಾಲ್‌ನ ಅರ್ಧಾಯು ಎರಡು ಮೂರು ಗಂಟೆ. ಬೆಳಗ್ಗೆ ನುಂಗಿದ್ದು ರಾತ್ರಿಯೊಳಗೆ ಮುಗಿದಿರುತ್ತದೆ. ಥೈರಾಯ್ಡ್ ಮಾತ್ರೆಯದು ಸುಮಾರು ಒಂದು ವಾರ. ಡೋಸ್ ಬದಲಿಸಿದ ಮೇಲೆ ಆರು ವಾರ ಕಾದು ರಕ್ತ ಪರೀಕ್ಷೆ ಮಾಡಿಸಿ ಅನ್ನುವುದು ಇದಕ್ಕೇ. ಹೃದಯದ ಬಡಿತ ಸರಿಮಾಡುವ ಅಮಿಯೋಡರೋನ್ ಮೈಯ ಕೊಬ್ಬಿನಲ್ಲಿ ಸೇರಿಕೊಂಡು ಕೂರುತ್ತದೆ. ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಇರುತ್ತದೆ. ಹಾಗಾಗಿ ಉತ್ತರ ಅರ್ಧ ದಿನವೂ ಆಗಬಹುದು, ಅರ್ಧ ವರ್ಷವೂ ಆಗಬಹುದು. ಮಾತ್ರೆಯ ಹೆಸರು ಹೇಳದೆ ದಿನದ ಲೆಕ್ಕ ಕೇಳಬೇಡಿ.

ಆದರೆ ಕೇಳುವವರು ಅಲ್ಲಿಗೆ ನಿಲ್ಲಿಸುವುದಿಲ್ಲ. "ಬೇಗ ಹೊರಗೆ ಹಾಕೋಕೆ ಏನು ಕುಡೀಬೇಕು?" ಇದನ್ನು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಔಷಧಿ ಅಂದರೆ ಗೋಡೆಗೆ ಹತ್ತಿದ ಮಸಿ, ನೀರು ಹುಯ್ದು ತೊಳೆದರೆ ಆಯ್ತು ಅನ್ನೋ ಹಾಗೆ ಮಾತಾಡುತ್ತಾರೆ. ತೊಳೆಯುವ ಕೆಲಸ ಒಳಗೆ ಹಗಲು ರಾತ್ರಿ ನಡೆದೇ ಇದೆ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಟ್ಟು, ಉಳಿದದ್ದನ್ನೆಲ್ಲ ವಾಪಸ್ ಎಳೆದುಕೊಳ್ಳುತ್ತದೆ. ಕೊಬ್ಬಿನಲ್ಲಿ ಕರಗುವ ಔಷಧಿ ಆ ನೀರಿನ ಜೊತೆಗೇ ವಾಪಸ್ ಬಂದುಬಿಡುತ್ತದೆ. ಅಂಥದ್ದನ್ನು ಲಿವರ್ ಮೊದಲು ಹಿಡಿಯಬೇಕು. ಅದನ್ನು ಒಡೆಯುತ್ತದೆ, ಅಥವಾ ಅದರ ಬೆನ್ನಿಗೆ ಸಕ್ಕರೆಯಂಥ ಒಂದು ತುಣುಕು ಅಂಟಿಸುತ್ತದೆ. ಆಗ ಅದು ನೀರಿನಲ್ಲಿ ಕರಗುವಂತಾಗುತ್ತದೆ. ಆಮೇಲಷ್ಟೇ ಕಿಡ್ನಿಯಿಂದ ಹೊರಗೆ ದಾರಿ. ನೀವು ಎರಡು ಬಾಟಲಿ ನೀರು ಜಾಸ್ತಿ ಕುಡಿದರೆ ಮೂತ್ರ ತೆಳ್ಳಗಾಗುತ್ತದೆ. ಹೆಚ್ಚಿನ ಔಷಧಿಗಳ ಮಟ್ಟಿಗೆ ಲಿವರ್ ಅದರಿಂದ ತನ್ನ ವೇಗ ಬದಲಿಸುವುದಿಲ್ಲ.

ಇದಕ್ಕೆ ತದ್ವಿರುದ್ಧ ಕಷ್ಟಪಟ್ಟವರೂ ಇದ್ದಾರೆ. 1941ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಕೊಟ್ಟರು. ಆಗ ಜಗತ್ತಿನಲ್ಲಿ ಇದ್ದ ಪೆನಿಸಿಲಿನ್ನೇ ಸ್ವಲ್ಪ. ಅದರ ಅರ್ಧಾಯು ಬರೀ ಅರ್ಧ ಗಂಟೆಯ ಆಸುಪಾಸು, ಕಿಡ್ನಿ ಅಷ್ಟು ಬೇಗ ಹೊರಗೆ ಹಾಕುತ್ತದೆ. ಅವರ ಮೂತ್ರವನ್ನು ಹಿಡಿದಿಟ್ಟು, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ, ಮತ್ತೆ ಅವರಿಗೇ ಚುಚ್ಚಿದರು. ಚೇತರಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಔಷಧಿ ಮುಗಿಯಿತು. ಮಾರ್ಚ್ 15ರಂದು ತೀರಿಕೊಂಡರು. ನನಗೆ ಇದು ಆಗಾಗ ನೆನಪಾಗುತ್ತದೆ, ಅದರಲ್ಲೂ ಆಂಟಿಬಯೋಟಿಕ್ಕನ್ನು ಬೇಗ ಹೊರಗೆ ಹಾಕುವ ದಾರಿ ಕೇಳಿದಾಗ.

ಇನ್ನೊಂದು. ಔಷಧಿ ಹೋಯಿತು ಅಂದರೆ ಅದರ ಕೆಲಸವೂ ಮುಗಿಯಿತು ಅಂತಲ್ಲ. ಆಸ್ಪಿರಿನ್ ರಕ್ತದಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಅರ್ಧವಾಗುತ್ತದೆ. ಆದರೆ ಅಷ್ಟರಲ್ಲೇ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಕೆಡಿಸಿರುತ್ತದೆ. ಕೆಟ್ಟ ಪ್ಲೇಟ್‌ಲೆಟ್ ಮತ್ತೆ ಸರಿಯಾಗುವುದಿಲ್ಲ. ಹೊಸವು ಬಂದು ಹಳೆಯವೆಲ್ಲ ಹೋಗಲು ಏಳರಿಂದ ಹತ್ತು ದಿನ ಬೇಕು. ಆಪರೇಷನ್ನಿಗೆ ಮುಂಚೆ ಡಾಕ್ಟರು ಆಸ್ಪಿರಿನ್ ಬಗ್ಗೆ ಅಷ್ಟೊಂದು ಕೇಳುವುದು ಸುಮ್ನೆ ಅಲ್ಲ.

ಈಗ ನಮ್ಮ ಅತ್ತೆಯ ವಿಷಯ. ಅವರಿಗೆ ಎಪ್ಪತ್ತೆಂಟು ವರ್ಷ. ಹೃದಯಕ್ಕೆ ದಿನಾ ಬೆಳಗ್ಗೆ ಒಂದು ಡಿಗಾಕ್ಸಿನ್. ವಾರದ ಏಳು ಖಾನೆಯ ಡಬ್ಬಿಯಲ್ಲಿ ತಾವೇ ತುಂಬಿಟ್ಟುಕೊಳ್ಳುತ್ತಿದ್ದರು, ಒಂದು ದಿನವೂ ತಪ್ಪಿಸಿದವರಲ್ಲ. ಒಂದು ಸಲ ಭೇದಿ ಹಿಡಿಯಿತು. ಎರಡನೇ ದಿನ ನಾನು ಹೋಗಿ ಓಆರ್‌ಎಸ್ ಕುಡಿಸಿ ಬಂದೆ. ಆ ಡಬ್ಬಿ ಟೇಬಲ್ ಮೇಲೇ ಇತ್ತು. ನಾನು ಅದರ ಕಡೆ ನೋಡಲಿಲ್ಲ. ಭೇದಿ ನಿಂತಿತು, ಊಟ ಮಾತ್ರ ಸೇರುತ್ತಿರಲಿಲ್ಲ. ವಾಕರಿಕೆ. ಮನೆಯವರು ವಯಸ್ಸಾಯಿತಲ್ಲ ಅಂದುಕೊಂಡರು. ವಾರದ ಮೇಲೆ ಅತ್ತೆಯೇ ಫೋನಿನಲ್ಲಿ ಹೇಳಿದರು: "ಟ್ಯೂಬ್‌ಲೈಟ್ ಹಳದಿ ಕಾಣ್ತಾ ಇದೆ ಕಣೇ. ಸುತ್ತ ಒಂದು ಬಳೆ ಇದ್ದ ಹಾಗಿದೆ."

ನನ್ನ ಕೈ ತಣ್ಣಗಾಯಿತು. ಡಿಗಾಕ್ಸಿನ್ ಜಾಸ್ತಿಯಾದರೆ ಕಣ್ಣಿಗೆ ಹೀಗೇ ಕಾಣುತ್ತದೆ ಅಂತ ನಾನು ಓದಿ ಪರೀಕ್ಷೆ ಬರೆದಿದ್ದೆ. "ಅತ್ತೆ, ನಾಳೆ ಬೆಳಗಿನ ಮಾತ್ರೆ ಮುಟ್ಟಬೇಡಿ, ಈಗಲೇ ಬರ್ತೀನಿ" ಅಂದೆ. ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದೆವು. ಮೈಯಲ್ಲಿ ನೀರು ಕಡಿಮೆಯಾಗಿ ಕಿಡ್ನಿ ಸೋತಿತ್ತು, ಕಿಡ್ನಿಯಿಂದ ಹೊರಗೆ ಹೋಗಬೇಕಾದ ಡಿಗಾಕ್ಸಿನ್ ಒಳಗೇ ಸೇರಿಕೊಳ್ಳುತ್ತಿತ್ತು. ಕಾರಿಡಾರಿನಲ್ಲಿ ಅವರ ಮಗ ಕೇಳಿದ: "ಎಷ್ಟು ದಿನಕ್ಕೆ ಪೂರ್ತಿ ಹೋಗುತ್ತೆ?"

ಅವತ್ತಿನಿಂದ ನನಗೆ ಈ ಪ್ರಶ್ನೆ ಸೇರುವುದಿಲ್ಲ. ಡಿಗಾಕ್ಸಿನ್‌ನಂಥ ಮಾತ್ರೆಯನ್ನು ದಿನಾ ತಗೊಳ್ಳುವವರ ಮೈಯಿಂದ ಅದು ಪೂರ್ತಿ ಹೋಗುವುದೇ ಇಲ್ಲವಲ್ಲ. ಕೇಳಬೇಕಾದದ್ದು ಇದು: ನಾಳೆಯ ಮಾತ್ರೆ ಒಳಗೆ ಹೋಗುವ ಹೊತ್ತಿಗೆ ಇವತ್ತಿನದು ಎಷ್ಟು ಉಳಿದಿರುತ್ತದೆ?

ಲೆಕ್ಕ ಮಾಡಿ ನೋಡಿ. ಕಿಡ್ನಿ ಚೆನ್ನಾಗಿದ್ದರೆ ಡಿಗಾಕ್ಸಿನ್ ಅರ್ಧವಾಗಲು ಒಂದೂವರೆಯಿಂದ ಎರಡು ದಿನ. ಎರಡು ಅಂತಲೇ ಇಟ್ಟುಕೊಳ್ಳೋಣ. ಆಗ ದಿನಕ್ಕೆ ಹೋಗುವುದು ನೂರಕ್ಕೆ 29 ಭಾಗ. ಮೊದಲ ದಿನ ಒಂದು ಮಾತ್ರೆ ನುಂಗಿದಿರಿ. ಮಾರನೇ ದಿನ ಅದರಲ್ಲಿ 71 ಭಾಗ ಹಾಗೇ ಇದೆ, ಅದರ ಮೇಲೆ ಇನ್ನೊಂದು. ಹೀಗೆ ಏರುತ್ತಾ ಏರುತ್ತಾ, ದಿನಕ್ಕೆ ಬರುವುದೂ ಹೋಗುವುದೂ ಸಮವಾದಾಗ ನಿಲ್ಲುತ್ತದೆ. ಆಗ ಮೈಯಲ್ಲಿ ಸುಮಾರು ಮೂರೂವರೆ ಮಾತ್ರೆಯಷ್ಟು ಇರುತ್ತದೆ. ಡಾಕ್ಟರು ಡೋಸ್ ಗೊತ್ತುಮಾಡಿದ್ದು ಈ ಮೂರೂವರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ. ಕಿಡ್ನಿ ಸೋತು ಅರ್ಧಾಯು ನಾಲ್ಕು ದಿನಕ್ಕೆ ಏರಿತು ಅನ್ನಿ. ದಿನಕ್ಕೆ ಹೋಗುವುದು 16 ಭಾಗ ಅಷ್ಟೇ. ಅದೇ ಡಬ್ಬಿ, ಅದೇ ಖಾನೆ, ಅದೇ ಒಂದು ಮಾತ್ರೆ. ಒಳಗೆ ಮಾತ್ರ ಅದು ಆರು ಮಾತ್ರೆ ದಾಟುವವರೆಗೂ ಏರುತ್ತಲೇ ಹೋಗುತ್ತದೆ.

ಅತ್ತೆ ಯಾವ ತಪ್ಪೂ ಮಾಡಿರಲಿಲ್ಲ. ಹೇಳಿದಷ್ಟೇ ತಗೊಂಡಿದ್ದರು. ಭೇದಿ ಶುರುವಾದ ದಿನ ಡಾಕ್ಟರಿಗೆ ಫೋನ್ ಮಾಡಿ ಈ ಮಾತ್ರೆ ಮುಂದುವರಿಸಬೇಕಾ ಅಂತ ಕೇಳಬೇಕಾಗಿದ್ದವಳು ನಾನು.

ಮಾತ್ರೆ ನಿಲ್ಲಿಸಿ, ಡ್ರಿಪ್ ಹಾಕಿ, ಇಸಿಜಿ ನೋಡುತ್ತಾ ಕಾದರು. ಆರನೇ ದಿನ ಬೆಳಗ್ಗೆ ಅತ್ತೆ ಹಾಸಿಗೆಯಲ್ಲಿ ಮಲಗಿಕೊಂಡೇ ಮೇಲಿನ ಲೈಟ್ ನೋಡುತ್ತಿದ್ದರು. "ಬೆಳ್ಳಗಾಯ್ತು ನೋಡೇ" ಅಂದರು. ಆಮೇಲೆ ಹಸಿವಾಗ್ತಿದೆ ಅಂದರು.

ಹಾಗಾಗಿ ನನ್ನನ್ನು ಕೇಳುವುದಾದರೆ ಸುಮ್ನೆ ಬರಬೇಡಿ. ಮಾತ್ರೆಯ ಸ್ಟ್ರಿಪ್ ತನ್ನಿ, ಎಲ್ಲ ಮಾತ್ರೆಗಳದ್ದೂ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆಯ ರಿಪೋರ್ಟ್ ಇದ್ದರೆ ತನ್ನಿ, ಅದರ ತಾರೀಖು ನೋಡಿಕೊಂಡು ತನ್ನಿ. ವಯಸ್ಸು ಎಷ್ಟು, ಈ ವಾರ ವಾಂತಿ, ಭೇದಿ, ಜ್ವರ ಏನಾದರೂ ಆಗಿತ್ತಾ, ಅದನ್ನೂ ಹೇಳಿ. ನಾನು ಪೆನ್ನು ತೆಗೆಯುತ್ತೇನೆ. ಕೂತು ಲೆಕ್ಕ ಹಾಕೋಣ.