ಬಂಡೆ ಮೇಲೆ ಕೂತ್ರೆ ಏನ್ ಸಿಗುತ್ತೆ ಅಂತ ಕೇಳೋರಿಗೆಲ್ಲ

ಏನೂ ಸಿಗಲ್ಲ.

ಅರ್ಜೆಂಟಲ್ಲಿ ಇರೋರು ಇಲ್ಲಿಗೇ ಓದೋದು ನಿಲ್ಲಿಸಬಹುದು. ಮಿಕ್ಕೋರಿಗೆ ಬಿಡಿಸಿ ಬರೀತಿದೀನಿ, ಯಾಕಂದ್ರೆ ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ, ಇನ್ಮೇಲೆ ಯಾರು ಕೇಳಿದ್ರೂ ಇದರ ಲಿಂಕ್ ಕಳಿಸಿ ಕೆಲಸ ನೋಡ್ಕೋತೀನಿ.

ನಾನು ವಾರದಲ್ಲಿ ನಾಲ್ಕೈದು ದಿನ ಬೆಳಿಗ್ಗೆ ಆರೂಕಾಲಿಗೆಲ್ಲ ಲಾಲ್‌ಬಾಗ್ ಬಂಡೆ ಹತ್ತಿ, ಕೆಂಪೇಗೌಡರ ಗೋಪುರದಿಂದ ಒಂಚೂರು ಕೆಳಗೆ ಒಂದು ಜಾಗ ಇದೆ, ಅಲ್ಲಿ ನಲವತ್ತು ನಿಮಿಷ ಕೂರ್ತೀನಿ. ಕಣ್ಣು ಅರ್ಧ ಮುಚ್ಚಿ, ಉಸಿರು ಬರೋದು ಹೋಗೋದು ನೋಡ್ಕೊಂಡು, ಸುತ್ತ ಕೇಳಿಸೋದನ್ನ ಕೇಳಿಸ್ಕೊಂಡು. ಮಂತ್ರ ಇಲ್ಲ, ಗುರು ಇಲ್ಲ, ಆ್ಯಪ್ ಇಲ್ಲ. ನೀವು ಇದನ್ನ ಧ್ಯಾನ ಅನ್ನಿ, ನಾನು ಕೂರೋದು ಅಂತೀನಿ. ಅದು ಮುಗಿಸ್ಕೊಂಡು ಹೋಗಿ ನನ್ನ ಅಂಗಡಿ ಬಾಗಿಲು ತೆಗಿತೀನಿ, ಸ್ಟಿಕ್ಕರ್ ಕಟಿಂಗ್, ವಿನೈಲ್, ಎಲ್‌ಇಡಿ ಬೋರ್ಡ್ ಮಾಡೋ ಸಣ್ಣ ಅಂಗಡಿ. ವಾಕಿಂಗ್ ಬರೋರು, ಅಂಗಡಿಗೆ ಬರೋ ಗಿರಾಕಿಗಳು, ನೆಂಟ್ರು, ಎಲ್ಲರ ಬಾಯಲ್ಲೂ ಒಂದೇ: ಅಲ್ಲಿ ಕೂತ್ಕೊಂಡ್ರೆ ಏನ್ ಸಿಗುತ್ತೆ?

ಹೋದ ವರ್ಷ ಶ್ರಾವಣದಲ್ಲಿ ನೆಂಟರ ಮನೆ ಗೃಹಪ್ರವೇಶ. ಊಟಕ್ಕೆ ಕೂತಿದೀನಿ, ಎಲೆಗೆ ಒಬ್ಬಟ್ಟು ಬಿದ್ದಿದೆ, ತುಪ್ಪ ಬಡಿಸೋರು ಇನ್ನೂ ನಾಲ್ಕು ಎಲೆ ಆಚೆ ಇದಾರೆ. ಪಕ್ಕದ ಎಲೆಯವರು ನನ್ನ ಕಡೆ ತಿರುಗಿ, "ನೀವೇ ಅಲ್ವಾ ಸಾರ್ ಲಾಲ್‌ಬಾಗಲ್ಲಿ ಕೂರೋರು?" ಅಂದ್ರು. ಹೌದು ಸಾರ್ ಅಂದೆ. "ಎಷ್ಟು ನಿಮಿಷ? ಯಾವ ದಿಕ್ಕಿಗೆ ಮುಖ? ಎಷ್ಟು ದಿನಕ್ಕೆ ಗೊತ್ತಾಗುತ್ತೆ?" ನಾನು ಏನೋ ಹೇಳೋಕೆ ಬಾಯಿ ತೆಗೆಯೋ ಅಷ್ಟ್ರಲ್ಲಿ ಅವರೇ ಮುಂದುವರಿಸಿದ್ರು, "ಕ್ರಿಯೇಟಿವಿಟಿ ಜಾಸ್ತಿ ಆಗುತ್ತಂತಲ್ಲ, ನಮ್ಮ ಹುಡುಗ ಡಿಸೈನಿಂಗ್ ಲೈನಲ್ಲಿದಾನೆ, ಅವನ ಕೈಲಿ ಒಂದು ಮಂಡಲ ಮಾಡಿಸಿದ್ರೆ ಸಾಕಾಗುತ್ತಾ?" ಮಂಡಲ ಅಂದ್ರೆ 48 ದಿನ, ವ್ರತಕ್ಕೆ ಲೆಕ್ಕ ಹಾಕ್ತೀವಲ್ಲ ಹಾಗೆ. ನಾನಂದೆ, ಸಾರ್ ಹುಡುಗನ್ನ ಕಳಿಸಿ, ನನ್ನ ಪಕ್ಕ ಜಾಗ ಬೇಕಾದಷ್ಟಿದೆ, ಆದ್ರೆ ಸಂಜೆ ಮನೆಗೆ ಬಂದ ತಕ್ಷಣ ಏನಾಯ್ತು ಅಂತ ಅವನನ್ನ ಕೇಳ್ಬೇಡಿ. ಅವರು ನನ್ನೇ ನೋಡಿ, "ಏನೂ ಆಗಲ್ಲ ಅಂದ್ರೆ ಮತ್ತೆ ಯಾಕ್ ಸಾರ್ ಕೂರೋದು?" ಅಂದ್ರು. ಅಷ್ಟು ಹೊತ್ತಿಗೆ ತುಪ್ಪದವರು ನಮ್ಮನ್ನ ದಾಟಿ ಹೋಗಿಬಿಟ್ಟಿದ್ರು.

ಅವರ ಮೇಲೆ ಬೇಜಾರಿಲ್ಲ, ಮಗನ ಚಿಂತೆ ಅವರಿಗೆ. ನನಗೆ ಸಿಟ್ಟು ಬರೋದು ಆ "ಸಿಗುತ್ತೆ" ಅನ್ನೋ ಮಾತಿನ ಮೇಲೆ. ಸಂಜೆ ಮೊಮ್ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಬೀದಿ ನೋಡ್ತಾ ಇರ್ತೀರ, ಅವಾಗ ಯಾರಾದ್ರೂ ಬಂದು ಏನ್ ಸಿಕ್ತು ಅಂತ ಕೇಳ್ತಾರಾ? ಕೇಳಿದ್ರೆ ಬೈದು ಕಳಿಸ್ತೀರ. ಇನ್ನು ಕೆಲವರು "ಅಷ್ಟೊಂದು ಟೆನ್ಷನ್ನಾ ನಿಮಗೆ?" ಅಂತ ದನಿ ತಗ್ಗಿಸಿ ಕೇಳ್ತಾರೆ, ಬಂಡೆ ಆಸ್ಪತ್ರೆ ಥರ, ಕೂತೋನು ರೋಗಿ ಥರ.

ಸರಿ, ನಾನು ಯಾಕೆ ಹೋದೆ ಅನ್ನೋದನ್ನ ಹೇಳ್ತೀನಿ, ಅದನ್ನ ಯಾರೂ ಕೇಳಲ್ಲ.

2024ರ ಶುರು ಬೆಂಗಳೂರಲ್ಲಿ ಅಂಗಡಿ ಇಟ್ಟೋರಿಗೆಲ್ಲ ನೆನಪಿರುತ್ತೆ. ಬೋರ್ಡಲ್ಲಿ ಶೇಕಡ 60 ಕನ್ನಡ ಇರ್ಲೇಬೇಕು ಅಂತ ಬಿಗಿ ಆಯ್ತು, ಪಾಲಿಕೆಯವರು ಫೆಬ್ರವರಿ ಕೊನೆಗೆ ಗಡುವು ಕೊಟ್ರು. ಕನ್ನಡದೋನಾಗಿ ನನಗೆ ಹೆಮ್ಮೆ, ವ್ಯಾಪಾರದೋನಾಗಿ ಕೈತುಂಬ ಕೆಲಸ, ರಾತ್ರಿ ಎರಡು ಗಂಟೆವರೆಗೂ ಮೆಷಿನ್ ಓಡ್ತಿತ್ತು. ಆದ್ರೆ ನಾನು ಮಾಡ್ತಿದ್ದ ಕೆಲಸ ಏನು ಅಂದ್ರೆ, ಇರೋ ಬೋರ್ಡಲ್ಲಿ ಕನ್ನಡ ದೊಡ್ಡದು ಮಾಡ್ಬೇಕು, ಜಾಗ ಇಲ್ಲ, ಹಾಗಾಗಿ ಸ್ಕ್ರೀನ್ ಮೇಲೆ ಅಕ್ಷರದ ಮೂಲೆ ಹಿಡಿದು ಅಡ್ಡಕ್ಕೆ ಎಳೆಯೋದು, ಒತ್ತಕ್ಷರ ಕೆಳಗಡೆ ಫ್ರೇಮಿಗೆ ತಾಗುತ್ತೆ ಅಂದ್ರೆ ಚಪ್ಪಟೆ ಮಾಡೋದು, ಇಲ್ಲ ಕತ್ತರಿಸೋದು. ಒಂದು ಪ್ರಾವಿಷನ್ ಸ್ಟೋರ್ ನನ್ನ ಕೈಯಿಂದ "ಪಾವಿಷನ್ ಸ್ಟೋರ್" ಆಗಿ ಗೋಡೆ ಮೇಲೂ ಏರಿತ್ತು, ಅಂಗಡಿಯವರೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ.

ನೋಡಿದ್ದು ನಮ್ಮಪ್ಪ. ಆಟೋದಲ್ಲಿ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೆ, ಸಿಗ್ನಲಲ್ಲಿ ನಿಂತಾಗ ತಲೆ ಹೊರಗೆ ಹಾಕಿ ಆ ಬೋರ್ಡ್ ನೋಡಿ, "ಒತ್ತು ಬಿಟ್ಟಿದೀಯ" ಅಂದ್ರು. ಸುಮ್ನಾದ್ರು. ಆಮೇಲೆ, "ಒತ್ತು ಇದ್ದಿದ್ರೂ ಅಷ್ಟೇ ಬಿಡು. ಅಕ್ಷರ ಕೂತಿಲ್ಲ ಕಣೋ."

ಅಕ್ಷರ ಕೂತಿಲ್ಲ ಅನ್ನೋದು ಅಪ್ಪನ ಮಾತು. ಅವರು ನಲವತ್ತು ವರ್ಷ ಚಾಮರಾಜಪೇಟೆ, ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆ ಬೋರ್ಡ್ ಬರೆದೋರು, 1982ರ ಗೋಕಾಕ್ ಚಳವಳಿ ಆದ್ಮೇಲೆ ಕನ್ನಡ ಬೋರ್ಡ್ ಬರೆಸೋರು ಮನೆ ಬಾಗಿಲಿಗೇ ಬರ್ತಿದ್ರು ಅಂತ ಈಗ್ಲೂ ಹೇಳ್ತಾರೆ. ದಾರಕ್ಕೆ ಸೀಮೆಸುಣ್ಣದ ಪುಡಿ ತಿಕ್ಕಿ, ಎರಡು ಕಡೆ ಎಳೆದು ಹಿಡಿದು ತಗಡಿನ ಮೇಲೆ ಟಪ್ ಅಂತ ಹೊಡೆದ್ರೆ ಗೆರೆ ಬೀಳುತ್ತೆ, ಆ ಗೆರೆ ಹಿಡಿದು ಬರೆಯೋದು. ತಲೆಕಟ್ಟು ಎಲ್ಲಾ ಒಂದೇ ಮಟ್ಟದಲ್ಲಿದ್ರೆ ಸಾಲದು, ಅಕ್ಷರದ ಹೊಟ್ಟೆ ಭಾರ ಕೆಳಕ್ಕೆ ಇಳೀಬೇಕು, ಗೋಡೆಗೆ ಒರಗಿದಂಗೆ ಇರಬಾರದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತಂಗೆ ಇರ್ಬೇಕು ಅಂತಿದ್ರು. ನನಗೆ ಹದಿನಾಲ್ಕು ವರ್ಷ ಇದ್ದಾಗ ಬೇಸಿಗೆ ರಜ ಪೂರ್ತಿ ಹಳೇ ಪೇಪರ್ ಮೇಲೆ ಬರೀ "ರ" ಬರೆಸಿದ್ರು. ರ ಕೂತ್ರೆ ಮಿಕ್ಕಿದ್ದೆಲ್ಲ ತಾನಾಗೇ ಕೂರುತ್ತೆ ಅಂತ. ನನಗೆ ಕೂರ್ಲಿಲ್ಲ. ಕಂಪ್ಯೂಟರ್ ಬಂತು, ನಾನು ಆ ಕಡೆ ಹೋದೆ.

ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಎಲ್ಲಿಗೆ ಹೋಗ್ಬೇಕು ಗೊತ್ತಾಗದೆ ಲಾಲ್‌ಬಾಗಿಗೆ ಹೋಗಿ ಬಂಡೆ ಹತ್ತಿ ಕೂತೆ.

ಮೊದಲನೇ ತಿಂಗಳು ಹೇಳೋ ಅಂಥದ್ದೇನೂ ಇಲ್ಲ. ಕಣ್ಣು ಮುಚ್ಚಿದ್ರೆ ಜಿಎಸ್‌ಟಿ, ಮೆಷಿನ್ ಕಂತು, ಹುಡುಗ ಕೇಳಿದ ಅಡ್ವಾನ್ಸು. ಆದ್ರೂ ಹೋಗ್ತಿದ್ದೆ, ಮನೇಲಿ ಕೂತಿದ್ರೂ ತಲೇಲಿ ಅದೇ ಓಡ್ತಿರೋದು, ಇಲ್ಲಿ ಗಾಳಿನಾದ್ರೂ ಇದೆ ಅಂತ. ಆಮೇಲಾಮೇಲೆ ಶಬ್ದ ಬೇರೆ ಬೇರೆಯಾಗಿ ಕೇಳಿಸೋಕೆ ಶುರುವಾಯ್ತು. ಹತ್ತಿರದಲ್ಲಿ ವಾಕಿಂಗ್ ಶೂ ಕಲ್ಲಿಗೆ ಉಜ್ಜೋದು, ಅದರಾಚೆ ಗಿಳಿ ಗುಂಪು, ಅದರಾಚೆ ಡಬಲ್ ರೋಡ್ ಬಸ್ಸು, ಎಲ್ಲದರ ಮೇಲೆ ಹದ್ದಿನ ಸಣ್ಣ ಕೂಗು. ಒಂದನ್ನ ಹಿಡ್ಕೊಂಡು ಕೂತ್ರೆ ಕಂತಿನ ಯೋಚನೆ ಅದರ ಪಾಡಿಗೆ ಬಂದು ಅದರ ಪಾಡಿಗೆ ಹೋಗೋದು.

ಮತ್ತೆ ಕಲ್ಲು. ಅದರ ಬಗ್ಗೆ ಯಾರೂ ಒಂದು ಮಾತೂ ಕೇಳಲ್ಲ, ನನಗೆ ಅದೇ ಆಶ್ಚರ್ಯ. ದಿನಾ ಸಾವಿರಾರು ಜನ ತುಳ್ಕೊಂಡು ಹೋಗೋ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅಲ್ಲೇ ಫಲಕ ಇದೆ. ನಾನು ಗ್ರಾನೈಟ್ ಅಂದ್ಕೊಂಡಿದ್ದೆ, ಅದು ನೈಸ್ ಅನ್ನೋ ಕಲ್ಲು, ಈ ಕಲ್ಲಿಗೆ ಪೆನಿನ್ಸುಲರ್ ನೈಸ್ ಅಂತ ಹೆಸರು ಕೊಟ್ಟಿದ್ದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಅನ್ನೋರು, 1916ರಲ್ಲಿ. ಭೂಮಿ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಮೆತ್ತಗಾಗಿ, ಕಪ್ಪು ಖನಿಜ ಒಂದು ಪಟ್ಟಿ, ಬಿಳಿ ಖನಿಜ ಒಂದು ಪಟ್ಟಿ ಅಂತ ಬೇರೆಯಾಗಿ, ಹಾಗೇ ಮಡಚಿಕೊಂಡು ಗಟ್ಟಿಯಾಗಿರೋದು. ನಾನು ಕೂರೋ ಜಾಗದಲ್ಲಿ ಒಂದು ಬಿಳಿ ಪಟ್ಟಿ ಇದೆ, ನನ್ನ ಎಡ ಮಂಡಿ ಹತ್ರ ಶುರುವಾಗಿ ಸುತ್ತು ಹಾಕ್ಕೊಂಡು ಹೋಗುತ್ತೆ.

ಜೂನಲ್ಲಿ ಒಂದು ದಿನ, ರಾತ್ರಿ ಮಳೆ ಹೊಡೆದಿತ್ತು, ಕಲ್ಲಿನ ಗುಳಿಗಳಲ್ಲಿ ನೀರು ನಿಂತಿತ್ತು. ಒದ್ದೆ ಕಲ್ಲಲ್ಲಿ ಆ ಪಟ್ಟಿ ಎದ್ದು ಕಾಣ್ತಿತ್ತು. ಕೂತಲ್ಲೇ ಬೆರಳು ಇಟ್ಟು ಅದರ ಜೊತೆ ಹೋದೆ. ಬಾಗೋ ಕಡೆ ಸಣ್ಣಗಾಗುತ್ತೆ, ಹೊಟ್ಟೆಗೆ ಬಂದಾಗ ದಪ್ಪ ಆಗುತ್ತೆ, ಎಲ್ಲೂ ಕಡಿಯಲ್ಲ. ಉಸಿರು ನೋಡ್ಕೊಂಡು ಕೂತಿದ್ನಲ್ಲ, ಬೆರಳು ಹೋಗ್ತಿರೋದು ಉಸಿರು ಬಿಡೋದರ ಜೊತೆಗೇ ಅಂತ ಗೊತ್ತಾಯ್ತು. ಆ ಕ್ಷಣ ಅಪ್ಪ ಆ ಬೇಸಿಗೆ ರಜದಲ್ಲಿ ಬೈತಿದ್ದದ್ದು ಕಿವೀಲಿ ಕೇಳಿಸ್ದಂಗಾಯ್ತು, "ಉಸಿರು ಬಿಡ್ತಾ ಎಳಿಯೋ, ಬಿಗಿ ಹಿಡಿದ್ರೆ ಕೈ ನಡುಗುತ್ತೆ." ಅವಾಗ ಅದು ಬರೀ ಬೈಗುಳ ಅಂದ್ಕೊಂಡಿದ್ದೆ. ನಾನು ಇಷ್ಟು ವರ್ಷ ಎಲ್ಲಾ ಕೆಲಸ ಉಸಿರು ಬಿಗಿ ಹಿಡ್ಕೊಂಡೇ ಮಾಡಿದೀನಿ, ಬೋರ್ಡು, ಜಗಳ, ಊಟ, ಎಲ್ಲಾನೂ.

ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಹೋಗ್ತಿದ್ದ ಅಜ್ಜಿ ಒಬ್ರು "ಹುಷಾರಾಗಿದೀಯೇನಪ್ಪಾ?" ಅಂತ ಕೇಳಿ, ಬ್ಯಾಗಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟು ಹೋದ್ರು.

ಆ ಭಾನುವಾರ ಎನಾಮಲ್ ಡಬ್ಬಿ, ಟರ್ಪೆಂಟೈನ್, ಎರಡು ಬ್ರಶ್ ತಂದೆ. ಅಟ್ಟದ ಮೇಲಿದ್ದ ಹಳೇ ತಗಡು ಇಳಿಸಿ "ರ" ಬರೆಯೋಕೆ ಕೂತೆ. ಎಂಟು ತಿಂಗಳು, ಪ್ರತಿ ಭಾನುವಾರ, ಬರೆಯೋದು ಒರೆಸೋದು. ಬ್ರಶ್ಶಿಗೆ ಅವಸರ ಗೊತ್ತಾಗಿಬಿಡುತ್ತೆ, ಗೆರೆ ಅಂಚು ಗರಗಸದ ಹಲ್ಲಿನಂಗೆ ಬರುತ್ತೆ. ಬಂಡೆ ಮೇಲೆ ಕೂತಿದ್ದ ವಾರ ಒಂಥರ ಬರೋದು, ತಪ್ಪಿಸಿದ ವಾರ ಇನ್ನೊಂಥರ, ಇದು ನನ್ನ ಕಣ್ಣಿಗೆ ಕಂಡಿದ್ದು, ನಿಮಗೆ ನಂಬಿಸಬೇಕು ಅಂತ ಹೇಳ್ತಿಲ್ಲ.

ಆಮೇಲೆ ನಮ್ಮ ಬೀದಿ ತಿರುವಲ್ಲಿ ಹೂವು ಮಾರೋ ಅಕ್ಕಂಗೆ ಮೂರಡಿ ತಗಡಲ್ಲಿ "ಹೂವು" ಅಂತ ಬರ್ದುಕೊಟ್ಟೆ. ಹಳದಿ ಮೇಲೆ ಕೆಂಪು. ದುಡ್ಡು ಬೇಡ ಅಂದಿದ್ದಕ್ಕೆ ಎರಡು ಮೊಳ ಸೇವಂತಿಗೆ ಕೊಟ್ರು. ಆಮೇಲೆ ಸೈಕಲ್ ರಿಪೇರಿಯವರು, ಇಸ್ತ್ರಿ ಗಾಡಿಯವರು, ಚಪ್ಪಲಿ ಹೊಲಿಯೋರು. ತಿಂಗಳಿಗೆ ಒಂದು, ಅದಕ್ಕಿಂತ ಜಾಸ್ತಿ ಮಾಡಲ್ಲ. ಇಲ್ಲಿವರೆಗೆ 11 ಆಗಿವೆ. ವಿನೈಲ್ ಅಂಗಡಿ ಬಿಟ್ಟಿಲ್ಲ, ಬಿಡೋದೂ ಇಲ್ಲ, ಮನೆ ನಡೀಬೇಕು. ಆದ್ರೆ ಈಗ ಸ್ಕ್ರೀನ್ ಮೇಲೂ ಅಕ್ಷರ ಹಿಡಿದು ಎಳೆಯಲ್ಲ. ಜಾಗ ಸಾಲಲ್ಲ ಅಂದ್ರೆ ಬೋರ್ಡ್ ದೊಡ್ಡದು ಮಾಡಿಸಿ ಅಂತೀನಿ, ಕೆಲವರು ಬೇರೆ ಅಂಗಡಿಗೆ ಹೋಗ್ತಾರೆ, ಹೋಗ್ಲಿ. ಬೇಗೂರಿನ ದೇವಸ್ಥಾನಕ್ಕೂ ಒಮ್ಮೆ ಹೋಗಿ ಆ ಶಾಸನ ನೋಡ್ಕೊಂಡು ಬಂದೆ, ಸುಮಾರು 890ರದ್ದು, ಬೆಂಗಳೂರು ಅನ್ನೋ ಹೆಸರು ಅದರಲ್ಲಿದೆ. ನನಗೆ ಓದೋಕೆ ಬರ್ಲಿಲ್ಲ. ಆದ್ರೆ 1,100 ವರ್ಷ ಆದ್ರೂ ಆ ಕಲ್ಲಲ್ಲಿ ಅಕ್ಷರ ಹೇಗೆ ಕೂತಿವೆ ಅಂತ ನೋಡ್ತಾ ಅರ್ಧ ಗಂಟೆ ನಿಂತಿದ್ದೆ.

ಕೋಪ ಕಮ್ಮಿ ಆಯ್ತಾ ಅಂತಾನೂ ಕೇಳ್ತಾರೆ. ಮೊನ್ನೆನೂ ಅಂಗಡಿ ಹುಡುಗನ ಮೇಲೆ ಕೂಗಾಡಿದೀನಿ. ಸಂಜೆ ಶಟರ್ ಎಳೆಯೋ ಹೊತ್ತಿಗೆ "ತಪ್ಪು ನನ್ನದು ಕಣೋ" ಅಂದೆ, ಅವನು "ಬಿಡಿ ಅಣ್ಣ" ಅಂದ. ಮೊದಲು ನಾನು ಹಾಗೆ ಅಂದೋನಲ್ಲ. ಬೆಳವಣಿಗೆ ಅಂದ್ರೆ ಇದೇನಾ ಅಂತ ಕೇಳಿದ್ರೆ, ನನ್ನ ಹತ್ರ ಇರೋ ಲೆಕ್ಕ ಇಷ್ಟು.

ಏನ್ ಸಿಗುತ್ತೆ ಅಂತ ಇಲ್ಲಿವರೆಗೂ ಕೇಳದೇ ಇರೋ ಒಬ್ಬರೇ ಒಬ್ಬರು ಅಂದ್ರೆ ಅಪ್ಪ. ಅವರಿಗೆ ಈಗ ಆರೇಳು ವರ್ಷದಿಂದ ಕೈ ನಡುಕ, ಕಾಫಿ ಲೋಟ ಎರಡೂ ಕೈಲಿ ಹಿಡೀತಾರೆ. ನಾನು ಹೋಗೋಕೆ ಶುರು ಮಾಡಿ ಸ್ವಲ್ಪ ದಿನಕ್ಕೆ ಒಂದು ಸಂಜೆ ಕೇಳಿದ್ರು: "ಬೆಳಿಗ್ಗೆ ಹೊತ್ತು ಕಲ್ಲು ತಣ್ಣಗಿರುತ್ತಾ, ಬೆಚ್ಚಗಿರುತ್ತಾ?"

ನನಗೆ ಗೊತ್ತಿರ್ಲಿಲ್ಲ. ದಿನಾ ಅದರ ಮೇಲೇ ಕೂರೋನಿಗೆ ಗೊತ್ತಿರ್ಲಿಲ್ಲ. ಮಾರನೇ ದಿನ ಅಂಗೈ ಇಟ್ಟು ನೋಡಿದೆ. ಏಪ್ರಿಲ್ ತಿಂಗಳು, ಗಾಳಿ ತಣ್ಣಗಿತ್ತು, ಕಲ್ಲಲ್ಲಿ ಮಾತ್ರ ಹಿಂದಿನ ದಿನದ ಬಿಸಿಲು ಇನ್ನೂ ಒಂಚೂರು ಉಳ್ಕೊಂಡಿತ್ತು. ಬಂದು ಹೇಳಿದೆ. ಅವರು ಹೂಂ ಅಂದು, "ನೀರು ಎಲ್ಲಿ ನಿಲ್ಲುತ್ತೆ?" ಅಂದ್ರು. ಹಾಗೇ ದಿನಾ ಒಂದೊಂದು. ಇರುವೆ ಯಾವ ಕಡೆ ಹೋಗ್ತಿದ್ವು, ಗೋಪುರದ ನೆರಳು ನಿನ್ನ ಹತ್ರ ಬರುತ್ತಾ. ಆ ಬಿಳಿ ಪಟ್ಟಿ ನನ್ನ ಕಣ್ಣಿಗೆ ಬಿದ್ದಿದ್ದೂ ಅವರು "ಕಲ್ಲು ಒಂದೇ ಬಣ್ಣನಾ?" ಅಂತ ಕೇಳಿದ್ದರಿಂದ. ನೀವೂ ಕೇಳೋದಾದ್ರೆ ದಯವಿಟ್ಟು ಇಂಥದ್ದೇನಾದ್ರೂ ಕೇಳಿ, ನಾನು ಎಷ್ಟು ಹೊತ್ತಾದ್ರೂ ನಿಂತು ಹೇಳ್ತೀನಿ.

ಹೋದ ತಿಂಗಳು ಅಪ್ಪನ್ನ ಕರ್ಕೊಂಡು ಹೋಗಿದ್ದೆ. ಗೇಟಿಂದ ನಿಧಾನಕ್ಕೆ ನಡೆಸ್ಕೊಂಡು ಹೋದೆ, ಪೂರ್ತಿ ಹತ್ತೋಕಾಗ್ಲಿಲ್ಲ, ಇಳಿಜಾರಿನ ಬುಡದಲ್ಲೇ ಟವೆಲ್ ಹಾಸಿ ಕೂರಿಸಿದೆ. ಬಲಗೈ ಕಲ್ಲಿನ ಮೇಲೆ ಊರಿಕೊಂಡು ಇಪ್ಪತ್ತು ನಿಮಿಷ ಒಂದು ಮಾತೂ ಆಡ್ಲಿಲ್ಲ. ಆಮೇಲೆ, ಎದ್ದೇಳ್ಸೋ ಕಾಫಿ ಕುಡಿಯೋಣ ಅಂದ್ರು.

ವಾಪಸ್ ಬರ್ತಾ ಆಟೋ ನಮ್ಮ ಬೀದಿಗೆ ತಿರುಗಿತು. ಹೂವಿನ ಅಕ್ಕನ ಬೋರ್ಡನ್ನ ಅಪ್ಪ ಅವತ್ತೇ ಮೊದಲು ನೋಡಿದ್ದು. ನಾನು ಬರೆದಿದ್ದು ಅಂತ ಹೇಳಿರ್ಲಿಲ್ಲ. ಆಟೋ ನಿಲ್ಲಿಸಪ್ಪ ಅಂತ ಡ್ರೈವರ್‌ಗೆ ಹೇಳಿ, ಕನ್ನಡಕ ಸರಿ ಮಾಡ್ಕೊಂಡು ತುಂಬಾ ಹೊತ್ತು ನೋಡಿದ್ರು.

"ಮೊದಲನೇ ಕೊಂಬು ಒಂಚೂರು ಜಾಸ್ತಿ ಎಳೆದಿದೀಯ" ಅಂದ್ರು.

ಈ ಭಾನುವಾರ ತಗಡು ಇಳಿಸಿ ಮತ್ತೆ ಬರೀತೀನಿ, ಅಕ್ಕಂಗೆ ಹೇಳಿ ಆಗಿದೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಸ್ಕೊಂಡು ಕೂರ್ತಾರಂತೆ.